ಒಣದ್ರಾಕ್ಷಿ ಹಾಕಿದವರು ಯಾರು?

ಶನಿವಾರ ಬೆಳಿಗ್ಗೆ ದೊಡ್ಡಮ್ಮ ಏಳುವ ಮೊದಲೇ ಇಮಾನಿ ಡೈರಿ ತೆರೆದು ಒಂದು ಸಾಲು ಬರೆದಳು: 'ಹೋದ ವರ್ಷ ಆಲೂಗಡ್ಡೆ ಸಲಾಡಿಗೆ ಒಣದ್ರಾಕ್ಷಿ ಹಾಕಿದವಳು ನಾನೇ.' ಬರೆದವಳೇ ಅದರ ಮೇಲೆ ಅಂಗೈ ಮುಚ್ಚಿ ಸುತ್ತ ನೋಡಿದಳು. ಕೋಣೆಯಲ್ಲಿ ಇದ್ದದ್ದು ಗೋಡೆಯ ಮೇಲಿನ ಅವಳದೇ ಪದವಿ ಸಮಾರಂಭದ ಫೋಟೋ. ಅದು ಕೂಡ ಇವತ್ತು ಸ್ವಲ್ಪ ಮುಖ ತಿರುಗಿಸಿಕೊಂಡ ಹಾಗಿತ್ತು.

ಬೇರೆ ಬೀದಿಯಲ್ಲಾಗಿದ್ದರೆ ಇದನ್ನು ಯಾರೂ ಅಪರಾಧವೆಂದು ಎಣಿಸುತ್ತಿರಲಿಲ್ಲ. ಆದರೆ ಓಹಾಯೋದ ಆ ಸಣ್ಣ ಊರಿನ ವಾಲ್ನಟ್ ಬೀದಿಯಲ್ಲಿ, ಕಪ್ಪುಜನರ ಬೇಸಿಗೆ ಪಿಕ್ನಿಕ್ಕಿನಲ್ಲಿ, ಆಲೂಗಡ್ಡೆ ಸಲಾಡ್ ಮಾಡುವುದು ಚರ್ಚಿನಲ್ಲಿ ಉಪದೇಶ ಕೊಡುವುದಕ್ಕಿಂತ ಒಂದು ಮೆಟ್ಟಿಲು ಮೇಲಿನ ಕೆಲಸ. ಅದಕ್ಕೆ ಹಿರಿಯರ ಪಕ್ಕದಲ್ಲಿ ಇಪ್ಪತ್ತು ವರ್ಷ ನಿಂತು ಆಲೂಗಡ್ಡೆ ಸುಲಿದಿರಬೇಕು. ಸಲಾಡಿಗೆ ಒಣದ್ರಾಕ್ಷಿ ಹಾಕುವುದು ರುಚಿ ಅರಿಯದ ಬಿಳಿಯರ ಕೆಲಸ ಎಂಬುದು ಅಲ್ಲಿಯವರ ಹಳೆಯ ನಗೆಮಾತು. ಹೋದ ವರ್ಷ ಇಮಾನಿ ಯಾರಿಗೂ ಹೇಳದೆ ಒಂದು ಬಟ್ಟಲು ಮಾಡಿ, ಜನ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಮೇಜಿನ ಮೂಲೆಯಲ್ಲಿಟ್ಟು ಬಂದಿದ್ದಳು. ಕಣ್ಣು ಬಿಟ್ಟ ದೊಡ್ಡಮ್ಮ ಮುಚ್ಚಳ ತೆಗೆದು ನೋಡಿ, ಇಡೀ ಪಾರ್ಕಿಗೆ ಕೇಳುವಂತೆ, "ಈ ಸಲಾಡ್ ಮಾಡಿದ್ದು ಯಾರು?" ಎಂದಿದ್ದರು.

ಅಲ್ಲಿ ಅದು ಹೊಗಳಿಕೆಯ ಪ್ರಶ್ನೆಯಲ್ಲ, ಪೊಲೀಸ್ ವಿಚಾರಣೆ. ಎಲ್ಲರ ಕಣ್ಣೂ ಅಲ್ಲಿದ್ದ ಒಬ್ಬನೇ ಬಿಳಿಯ, ಬೀದಿಗೆ ಹೊಸಬ, ಶಾಲಾ ಬಸ್ ಓಡಿಸುವ ಕಾರ್ಲ್ ಓಲ್ಸನ್ನನ ಮೇಲೆ ಹೋದವು. ಅವನು ಮದುಮಗನ ಹಾಗೆ ನಾಚಿ ನಕ್ಕ. ಆ ನಗುವಿನಲ್ಲೇ ತೀರ್ಪಾಯಿತು. ಇಮಾನಿ ಬಾಯಿ ಬಿಡಬೇಕೆಂದುಕೊಂಡಳು. ಬಾಯಿ ತೆರೆಯಿತು, ಒಳಗೊಂದು ಕೋಳಿ ತುಂಡು ಹೋಯಿತು, ಮುಚ್ಚಿಕೊಂಡಿತು.

"ಇಮಾನೀ! ಎದ್ದಿದ್ದೀಯೇನೇ? ಆ ಬೀದಿ ಪುಟದಲ್ಲಿ ಒಂದು ಸೂಚನೆ ಹಾಕು," ಅಡುಗೆಮನೆಯಿಂದ ದೊಡ್ಡಮ್ಮನ ಧ್ವನಿ ಬಂತು.

ಬೀದಿಯವರ ಆನ್‌ಲೈನ್ ಪುಟಕ್ಕೆ ಇಮಾನಿಯೇ ಅಡ್ಮಿನ್. ಹಿಂದಿದ್ದವರು ಊರು ಬಿಡುವಾಗ, "ನೀನು ಮಾತೇ ಆಡಲ್ಲ, ಜಗಳಾನೂ ಆಗಲ್ಲ" ಎಂದು ಪಾಸ್‌ವರ್ಡ್ ಕೈಗಿತ್ತು ಹೋಗಿದ್ದರು. ಅಡ್ಮಿನ್ ಯಾರೆಂದು ಬೀದಿಯಲ್ಲಿ ದೊಡ್ಡಮ್ಮನನ್ನು ಬಿಟ್ಟು ಇನ್ನಾರಿಗೂ ತಿಳಿಯದು. ಫೋಟೋದ ಜಾಗದಲ್ಲಿ ಒಂದು ಮರವಿತ್ತು.

"ಬರ್ಕೋ," ಎಂದರು ದೊಡ್ಡಮ್ಮ ವರ್ಡೆಲ್, ಮೊಟ್ಟೆ ಒಡೆಯುತ್ತ. "ಈ ವರ್ಷ ಪಿಕ್ನಿಕ್ಕಿಗೆ ಆಲೂಗಡ್ಡೆ ಸಲಾಡ್ ನಮ್ಮ ಚರ್ಚಿನ ಹೆಂಗಸರು ಮಾತ್ರ ಮಾಡ್ತಾರೆ. ಬೇರೆಯವರು ದಯಮಾಡಿ ಕೈ ಹಾಕಬೇಡಿ. ಯಾಕೆ ಅಂತ ಅವರಿಗೇ ಗೊತ್ತು."

"ಕೊನೇ ಸಾಲು ಬೇಕಾ, ದೊಡ್ಡಮ್ಮ?"

"ಅದಕ್ಕೇ ತಾನೆ ಮೇಲಿಂದೆಲ್ಲ ಬರೆಸಿದ್ದು!"

ವರ್ಡೆಲ್ ಹೆಸರಿನಲ್ಲಿ ಸೂಚನೆ ಹಾಕಿ ಒಂಬತ್ತು ನಿಮಿಷಕ್ಕೆ ಓಲ್ಸನ್ನನ ಉತ್ತರ ಬಂತು. 'ನನ್ನ ಚರ್ಮ ಬಿಳಿ ಎಂಬ ಒಂದೇ ಕಾರಣಕ್ಕೆ ನನ್ನ ಸಲಾಡ್ ಬೇಡವಾಯಿತು. ಇದನ್ನು ನಾವು ಮಾಡಿದ್ದರೆ ವರ್ಣಭೇದ ಅಂತಿದ್ದಿರಿ. ಇದು ಉಲ್ಟಾ ವರ್ಣಭೇದ.'

ಆಮೇಲೆ ಪುಟ ಒಲೆಯ ಮೇಲೆ ಮರೆತ ಹಾಲಿನ ಹಾಗೆ ಉಕ್ಕಿತು. ಹತ್ತು ಗಂಟೆಗೆ ಇನ್ನೂರು ಕಮೆಂಟು. ವಾಲ್ನಟ್ ಬೀದಿ ಎಲ್ಲಿದೆಯೆಂದೇ ಅರಿಯದ ದೂರದ ಐಡಹೊ ರಾಜ್ಯದ ಒಬ್ಬ, 'ಓಲ್ಸನ್, ಧೈರ್ಯವಾಗಿರಿ, ನಿಮ್ಮ ಹಿಂದೆ ನಾವಿದ್ದೇವೆ' ಎಂದ. ಬೀದಿಯ ತುದಿ ಮನೆಯ ಬಿಳಿ ಹುಡುಗಿ ಪೈಪರ್ ಕಪ್ಪುಜನರ ಪರವಾಗಿ ಏಳು ಭಾಗಗಳಲ್ಲಿ ಒಂದು ಲೇಖನವನ್ನೇ ಬರೆದಳು. ಮೂರನೆಯ ಭಾಗ ಮುಗಿದರೂ ಆಲೂಗಡ್ಡೆ ಬಂದಿರಲಿಲ್ಲ.

ಇಮಾನಿ ಉಗುರು ಕಚ್ಚುತ್ತ ಮರದ ಚಿತ್ರದ ಹಿಂದಿನಿಂದ ಒಂದು ಸಾಲು ಹಾಕಿದಳು: 'ದಯವಿಟ್ಟು ಎಲ್ಲರೂ ಸ್ವಲ್ಪ ಶಾಂತವಾಗಿ ಮಾತಾಡೋಣ.'

ಪೈಪರ್ ತಕ್ಷಣ ಮೇಲೆರಗಿದಳು. 'ಶಾಂತವಾಗಿರಿ ಅಂತ ಹೇಳೋದು ಬಿಳಿಯರಿಗೆ ಸುಲಭ, ಅಡ್ಮಿನ್ ಅವರೇ. ಕಪ್ಪು ಹೆಣ್ಣಿನ ನೋವು ನಿಮಗೇನು ಗೊತ್ತು? ನಾನು ಪುಸ್ತಕಗಳ ಪಟ್ಟಿ ಕಳಿಸ್ತೀನಿ, ಓದಿ.'

ಅದೇ ಗಳಿಗೆಯಲ್ಲಿ ಓಲ್ಸನ್ನನಿಂದ ಗುಟ್ಟಿನ ಸಂದೇಶ: 'ಧನ್ಯವಾದ ಅಡ್ಮಿನ್. ನಮ್ಮಂಥ ಬಿಳಿಯರ ಕಷ್ಟ ನಿಮ್ಮಂಥವರಿಗೆ ಮಾತ್ರ ಅರ್ಥವಾಗುತ್ತೆ.'

ಇಮಾನಿ ಕನ್ನಡಿಯ ಮುಂದೆ ಹೋಗಿ ನಿಂತಳು. ಹುಟ್ಟಿದಂದಿನಿಂದ ಇದ್ದ ಕಪ್ಪು ಮುಖ ಅಲ್ಲೇ ಇತ್ತು. ಖಾತರಿಗಾಗಿ ಮೂಗನ್ನೂ ಒಮ್ಮೆ ಮುಟ್ಟಿಕೊಂಡಳು.

ಅವಳು ಅರೆಹೊತ್ತು ದುಡಿಯುವ ಗ್ರಂಥಾಲಯಕ್ಕೆ ಹೋಗಬೇಕಾದರೆ ಸಿಲ್ವೆಸ್ಟರನ ಕ್ಷೌರದಂಗಡಿ ದಾಟಬೇಕು. ತಲೆ ತಗ್ಗಿಸಿ ದಾಟುತ್ತಿದ್ದವಳನ್ನು ಅವನು ಕತ್ತರಿ ಸಮೇತ ಬಾಗಿಲಿಗೆ ಬಂದು ಹಿಡಿದ.

"ಬಾ ಮಗಳೇ, ನೀನು ಓದಿದವಳು. ಹೇಳು, ಇದು ಉಲ್ಟಾ ವರ್ಣಭೇದಾನಾ? ಪೊಲೀಸರು ನನ್ನನ್ನ ನನ್ನದೇ ಕಾರಿಂದ ಇಳಿಸಿ ರಸ್ತೇಲಿ ನಿಲ್ಲಿಸ್ತಾರೆ. ಅವನನ್ನ ನಾವು ಒಂದು ಬಟ್ಟಲಿಂದ ಇಳಿಸಿದ್ವಿ. ಎರಡೂ ಒಂದೇನಾ?"

ಕುರ್ಚಿಯಲ್ಲಿ ಅರ್ಧ ಗಡ್ಡದಲ್ಲಿ ಕುಳಿತಿದ್ದ ಮುದುಕ ಎಲ್ರಾಯ್ ಸೋಪಿನ ನೊರೆಯೊಳಗಿಂದ ಹೇಳಿದ: "ಏನೇ ಅನ್ನಪ್ಪ, ಎರಡು ಚಳಿಗಾಲದಿಂದ ನನ್ನ ಮನೆ ಮುಂದಿನ ಹಿಮ ಎತ್ತಿ ಹಾಕ್ತಿರೋನು ಅವನೇ. ಒಂದು ಮಾತು ಕೇಳದೆ."

"ಹಿಮ ಎತ್ತಿ ಹಾಕ್ಲಿ, ಯಾರು ಬೇಡ ಅಂದ್ರು? ದ್ರಾಕ್ಷೀನೂ ಎತ್ತಿ ಹಾಕ್ಲಿ!"

"ಹಾಕಿದ್ದು ಅವನೇ ಅಂತ ನೋಡ್ದೋರು ಯಾರು?"

"ನಮ್ಮೋರು ಯಾರಾದ್ರೂ ಹಾಕ್ತಾರಾ, ತಾತ? ಹೇಳು ಮಗಳೇ, ಹಾಕ್ತಾರಾ?"

ಇಮಾನಿ ಕೆಮ್ಮಿದಳು. ಆ ಕೆಮ್ಮನ್ನು ಅಂಗಡಿಯವರೆಲ್ಲ ಒಪ್ಪಿಗೆಯೆಂದು ತೆಗೆದುಕೊಂಡರು.

ಮಧ್ಯಾಹ್ನ ಗ್ರಂಥಾಲಯದ ಕಪಾಟುಗಳ ಹಿಂದೆ ಕೂತು ಅವಳು ಧೈರ್ಯ ಮಾಡಿದಳು. ಚರ್ಚೆಯನ್ನೇ ಮುಚ್ಚಿಬಿಡುವುದು! ಆದರೆ ಬೆರಳು ಮುಚ್ಚುವ ಗುಂಡಿ ಬಿಟ್ಟು ಪಕ್ಕದ್ದನ್ನು ಒತ್ತಿತು. ಪುಟದಲ್ಲಿ ಮತದಾನ ಶುರುವಾಯಿತು: 'ಈ ಚರ್ಚೆ ಮುಚ್ಚಬೇಕೆ?' ಅರ್ಧ ಗಂಟೆಯಲ್ಲಿ ಹೌದು ಅರವತ್ತೊಂದು, ಇಲ್ಲ ಅರವತ್ತೊಂದು. ಮತದಾನವೇ ಮೋಸವೆಂದು ಹೊಸ ಜಗಳ ಹುಟ್ಟಿತು. ಬಿಳಿಯರ ಬಾಯಿ ಮುಚ್ಚಿಸುವ ಹುನ್ನಾರ ಎಂದರು ಆಚೆಯವರು, ಕಪ್ಪುಜನರ ಬಾಯಿ ಮುಚ್ಚಿಸುವ ಹುನ್ನಾರ ಎಂದರು ಈಚೆಯವರು. ಅಡ್ಮಿನ್ ರಾಜೀನಾಮೆ ಕೊಡಬೇಕೆಂಬುದರಲ್ಲಿ ಮಾತ್ರ ಎರಡು ಕಡೆಯವರಿಗೂ ಒಮ್ಮತವಿತ್ತು.

ಅವಳು ಮನೆ ಮುಟ್ಟುವಷ್ಟರಲ್ಲಿ ಸಿಲ್ವೆಸ್ಟರ್ ಬಂದು ಮುನ್ನೂರ ತೊಂಬತ್ತು ಕಮೆಂಟುಗಳನ್ನೂ ದೊಡ್ಡಮ್ಮನಿಗೆ ಓದಿ ಹೇಳಿ ಹೋಗಿಯಾಗಿತ್ತು, ಹಾವಭಾವ ಸಹಿತ.

"ಇಮಾನಿ, ನನ್ನ ಹೆಸರಲ್ಲಿ ಹಾಕು," ಎಂದರು ದೊಡ್ಡಮ್ಮ. "ಮಾತಿರೋರು ಐದು ಗಂಟೆಗೆ ನಮ್ಮ ಜಗಲಿಗೆ ಬನ್ನಿ. ಬಾಯಿ ತಗೊಂಡು ಬನ್ನಿ, ಬೆರಳು ಮನೇಲಿ ಬಿಡಿ."

ಐದಕ್ಕೆ ಜಗಲಿ ತುಂಬಿತು. ಪೈಪರ್ 'ವರ್ಡೆಲ್ ಅವರ ಧ್ವನಿ ನಾನು' ಎಂದು ಬರೆದ ರಟ್ಟು ಹಿಡಿದು ಬಂದಿದ್ದಳು.

"ನನ್ನ ಗಂಟಲು ಇನ್ನೂ ಚೆನ್ನಾಗಿದೆ ಮಗೂ," ಎಂದರು ದೊಡ್ಡಮ್ಮ. "ಆ ರಟ್ಟಲ್ಲಿ ಸ್ವಲ್ಪ ಗಾಳಿ ಬೀಸು, ಸೆಕೆ."

ಓಲ್ಸನ್ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಒಬ್ಬನೇ ಬಂದ. ಅವನ ಪರವಾಗಿ ನೂರೆಂಟು ಜನ ಹೆಬ್ಬೆರಳೆತ್ತಿದ್ದರು, ಒಬ್ಬನೂ ಕಾಲೆತ್ತಿರಲಿಲ್ಲ. ಅವನ ಕತ್ತು ಕೆಂಪಾಗಿತ್ತು.

"ಮಿಸ್ ವರ್ಡೆಲ್, ಒಂದು ವರ್ಷದಿಂದ ಎಲ್ರೂ ನನ್ನ ನೋಡಿ ನಗ್ತಾರೆ. ಬಸ್ಸಲ್ಲಿ ಮಕ್ಕಳೂ 'ದ್ರಾಕ್ಷಿ ಮಾಮ' ಅಂತಾರೆ. ಯಾಕೆ ಅಂತ ಒಬ್ರೂ ಹೇಳ್ಲಿಲ್ಲ. ಈಗ ಬಾಗಿಲೇ ಹಾಕಿದ್ರಿ. ಇದು ನ್ಯಾಯಾನಾ?"

ದೊಡ್ಡಮ್ಮ ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು.

"ಕೂತ್ಕೋ, ಕಾರ್ಲ್. ಪಿಕ್ನಿಕ್ ಮೇಜು ಹಾಕ್ತೀವಲ್ಲ, ಆ ಹುಲ್ಲು. ಅಲ್ಲಿ ಮೊದಲು ಈಜುಕೊಳ ಇತ್ತು. ನನಗೆ ಎಂಟು ವರ್ಷ. ಬೇಲಿ ಹೊರಗೆ ನಿಂತು ನೋಡ್ತಿದ್ವಿ, ಒಳಗೆ ಬಿಡ್ತಿರ್ಲಿಲ್ಲ. ಕೊನೆಗೆ ನಮ್ಮನ್ನೂ ಬಿಡಬೇಕು ಅಂತ ಕೋರ್ಟು ಹೇಳ್ತು. ಮಾರನೇ ವಾರ ಲಾರಿ ತುಂಬ ಮಣ್ಣು ತಂದು ಸುರಿದ್ರು. ನಾವು ಇಳಿಯೋ ನೀರಲ್ಲಿ ತಾವು ಇಳಿಯೋದಕ್ಕಿಂತ ನೀರೇ ಬೇಡ ಅಂತ. ನನಗೆ ಇವತ್ತಿಗೂ ಈಜು ಬರಲ್ಲ. ನಿನ್ನನ್ನ ನೋಡಿ ನಕ್ಕಿದ್ದು ತಪ್ಪು, ಒಪ್ಕೋತೀನಿ. ಆದ್ರೆ ಎರಡಕ್ಕೂ ಒಂದೇ ಹೆಸರಿಡಬೇಡಪ್ಪ."

ಪೈಪರಳ ರಟ್ಟು ಬೀಸುವುದನ್ನು ನಿಲ್ಲಿಸಿತು.

"ನನಗದು ಗೊತ್ತಿರ್ಲಿಲ್ಲ," ಎಂದ ಓಲ್ಸನ್ ಮೆಲ್ಲಗೆ. "ಆ ಮಾತು ವಾಪಸ್ ತಗೋತೀನಿ. ಆದ್ರೂ ನನಗೆ ನೋವಾಯ್ತು, ಮಿಸ್ ವರ್ಡೆಲ್."

"ಆಗಿರುತ್ತೆ ಕಣಪ್ಪ. ಅದನ್ನ ಬೆಳಿಗ್ಗೇನೇ ಬಂದು ಹೇಳಿದ್ರೆ ಕಾಫಿ ಕೊಡ್ತಿದ್ದೆ."

ಇಮಾನಿ ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದಳು. ಮಾಡದ ತಪ್ಪಿಗೆ ಆ ಮನುಷ್ಯ ಇಡೀ ಬೀದಿಯ ಮುಂದೆ ಕೂತಿದ್ದಾನೆ. ಬಾಯಿ ತೆರೆದಳು, ಗಾಳಿ ಬಂತು, ಮಾತು ಬರಲಿಲ್ಲ. ಬೆರಳಿಗೆ ಆ ಕಷ್ಟವಿಲ್ಲ. ಮೊಬೈಲನ್ನು ಬೆನ್ನ ಹಿಂದಿನಿಂದ ತೆಗೆದು ಟೈಪು ಮಾಡಿ ಒತ್ತಿಬಿಟ್ಟಳು.

ಜಗಲಿಯ ಜೇಬುಗಳೆಲ್ಲ ಒಮ್ಮೆಗೇ ಟಿಣ್ ಎಂದವು. ಬೆರಳು ಮನೆಯಲ್ಲಿ ಬಿಟ್ಟು ಬಂದವರು ಒಬ್ಬರೂ ಇರಲಿಲ್ಲ.

ಸಿಲ್ವೆಸ್ಟರ್ ಗಟ್ಟಿಯಾಗಿ ಓದಿದ: "'ಹೋದ ವರ್ಷ ಸಲಾಡಿಗೆ ಒಣದ್ರಾಕ್ಷಿ ಹಾಕಿದ್ದು ನಾನು. ಓಲ್ಸನ್ ಅವರದು ತಪ್ಪಿಲ್ಲ. ಇಂತಿ, ಅಡ್ಮಿನ್.' ಅಡ್ಮಿನ್ನಾ? ಯಾರಪ್ಪ ಅದು?"

ಎಲ್ಲರೂ ಸುತ್ತ ನೋಡಿದರು. ಕಂಬದ ಬಳಿಯ ನೆರಳಿನಲ್ಲಿ ಒಂದು ಮೊಬೈಲು ಇನ್ನೂ ಬೆಳಗುತ್ತಿತ್ತು, ಅದರ ಬೆಳಕು ಇಮಾನಿಯ ಗಲ್ಲದ ಮೇಲೆ ಬಿದ್ದಿತ್ತು.

"ನೀವು... ಕಪ್ಪಾ?" ಎಂದು ಕಿರುಚಿದ ಪೈಪರ್, ಹೇಳಿದ್ದು ತನ್ನ ಕಿವಿಗೇ ಬಿದ್ದು, ರಟ್ಟಿನ ಹಿಂದೆ ಮುಖ ಮುಚ್ಚಿಕೊಂಡಳು. "ಓದೋ ಪಟ್ಟಿ ಬೇರೆ ಕಳಿಸ್ದೆ!"

ಓಲ್ಸನ್ ಮಾತ್ರ ಗಾಬರಿಯಾಗಿ ಎದ್ದು ನಿಂತಿದ್ದ. "ಒಂದು ನಿಮಿಷ. ಅದು ಹೇಗಾಗುತ್ತೆ? ಒಣದ್ರಾಕ್ಷಿ ಹಾಕಿದ್ದು ನಾನು! ನಮ್ಮಜ್ಜಿ ಹಾಗೇ ಮಾಡ್ತಿದ್ದರು. ನೀಲಿ ಬಟ್ಟಲು."

"ನಂದು ಹಳದಿ..." ಎಂದು ಇಮಾನಿಯ ತುಟಿ ಅಲುಗಿತು, ಧ್ವನಿ ಬರಲಿಲ್ಲ. ಪಕ್ಕದಲ್ಲಿದ್ದ ಎಲ್ರಾಯ್ ತಾತ ತುಟಿ ನೋಡಿ ಎಲ್ಲರಿಗೂ ಕೂಗಿ ಹೇಳಿದ.

ದೊಡ್ಡಮ್ಮ ಕೋಲು ಊರಿ ನಿಧಾನವಾಗಿ ಎದ್ದರು. "ಎರಡು ಬಟ್ಟಲಾ? ದೇವರೇ! ಒಂದನ್ನ ಈ ಕೈಯಾರೆ ಕಸದ ಡಬ್ಬಿಗೆ ಸುರಿದೆ. ತಿರುಗಿ ನೋಡಿದ್ರೆ ಮೇಜಿನ ಮೇಲೆ ಮತ್ತೆ ದ್ರಾಕ್ಷಿ! ಬಟ್ಟಲಿನ ಬಣ್ಣ ಯಾರು ನೋಡ್ತಾರೆ ಆ ಸಿಟ್ಟಲ್ಲಿ? ಸುರಿದಷ್ಟೂ ತುಂಬಿಸ್ತಾನಲ್ಲ, ಎಂಥ ಸೊಕ್ಕಿನ ಮನುಷ್ಯ ಇವನು ಅಂತ ಒಂದು ವರ್ಷ ಹಲ್ಲು ಕಡಿದಿದ್ದೀನಿ!"

ಮೊದಲು ನಕ್ಕದ್ದು ಓಲ್ಸನ್. ಆಮೇಲೆ ಜಗಲಿಯ ಹಲಗೆಗಳೂ ನಕ್ಕ ಹಾಗೆ ಅಲುಗಿದವು. ಸಿಲ್ವೆಸ್ಟರ್ ಅವನ ಬೆನ್ನಿಗೆ ಬಡಿದು, "ನಾಳೆ ಅಂಗಡಿಗೆ ಬಾರೋ, ಮೊದಲು ಆ ತಲೆ ಸರಿಮಾಡೋಣ" ಎಂದ. ಇಮಾನಿ ಒಬ್ಬನನ್ನು ಉಳಿಸಲು ಹೋದದ್ದು. ಈಗ ಆರೋಪಿಗಳು ಇಬ್ಬರಾಗಿದ್ದರು.

ದೊಡ್ಡಮ್ಮ ಕೈಯೆತ್ತಿದರು. "ತೀರ್ಪು ಕೇಳಿ. ಬಿಳಿ ಇರಲಿ, ಕಪ್ಪಿರಲಿ, ಈ ಇಬ್ಬರೂ ಇನ್ನು ಪಿಕ್ನಿಕ್ಕಿಗೆ ಐಸು, ಪೇಪರ್ ತಟ್ಟೆ ತರೋದು. ಬೇರೆ ಏನೂ ಮುಟ್ಟೋ ಹಾಗಿಲ್ಲ."

ಅಲ್ಲಿಯವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಕೈರುಚಿ ಇಲ್ಲದವರಿಗೆ ಕೊಡುವ ಶಿಕ್ಷೆ ಅದು. ಆದರೆ ಓಲ್ಸನ್, ಎರಡು ವರ್ಷದಲ್ಲಿ ಮೊದಲ ಸಲ ಬೀದಿಯವರು ತನಗೊಂದು ಕೆಲಸ ಕೊಟ್ಟರೆಂದು, "ಎಷ್ಟು ಮೂಟೆ ಐಸು ಬೇಕು, ಮಿಸ್ ವರ್ಡೆಲ್?" ಎಂದು ಕೇಳಿ ಬರೆದುಕೊಳ್ಳತೊಡಗಿದ.

ದೊಡ್ಡಮ್ಮ ಇಮಾನಿಯ ಕಡೆ ತಿರುಗಿದರು.

"ಅವನದು ಅವರಜ್ಜಿ ಕಲಿಸಿದ್ದು, ಹೋಗ್ಲಿ. ನೀನು? ನನ್ನ ಅಡುಗೆಮನೇಲಿ ಬೆಳೆದೋಳು. ಯಾವ ದೆವ್ವ ಬಡಿದು ದ್ರಾಕ್ಷಿ ಹಾಕ್ದೆ?"

ಇಮಾನಿಯ ಬೆರಳು ಮೊಬೈಲಿನತ್ತ ಹರಿಯಿತು.

"ಅದನ್ನ ಕೆಳಗಿಡು. ಬಾಯಲ್ಲಿ ಹೇಳು."

ಅವಳು ಕೆಳಗಿಟ್ಟಳು. ಜಗಲಿಯ ಮೇಲಿನ ಮೂವತ್ತು ಮುಖಗಳೂ ಕಾದವು. ಅವಳ ಧ್ವನಿ ಅವಳಿಗೇ ಅಪರಿಚಿತವೆನ್ನಿಸುವಷ್ಟು ಸ್ಪಷ್ಟವಾಗಿ ಹೊರಬಂತು:

"ನನಗೆ ಅದು ಇಷ್ಟ, ದೊಡ್ಡಮ್ಮ."