ಕಮಲಿಗೆ ಕಾಳಿನ ಪಾಠ

ಯುದ್ಧದ ಕಾಲ. ನಾನಾಗ ಹಾನಗಲ್ಲಿನ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಪೇಟೆಯಲ್ಲಿ ಪಾಟಿ ಸಿಗುತ್ತಿರಲಿಲ್ಲ, ಬಳಪವಂತೂ ಬಂಗಾರವಾಗಿತ್ತು. ಅದಕ್ಕೆಲ್ಲ ನಾನು ಹೆದರುವವನೇ? ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದವನು! ಎಳೆಯ ಮಕ್ಕಳ ಕಲಿಕೆಗೆ ಮನೆಯ ಸಾಮಾನೇ ಸಾಕೆಂದು ಓಣಿಯ ಕಟ್ಟೆಯ ಮೇಲೆ ಭಾಷಣ ಮಾಡುತ್ತಿದ್ದೆ. ಬೇರೆ ಕೆಲಸವಿಲ್ಲದವರು ಕೇಳುತ್ತಿದ್ದರು.

ಇಂಥ ವಿದ್ವಾಂಸನ ಮಗಳು ಕಮಲಿ, ನಾಲ್ಕು ವರ್ಷದವಳು. ಒಂದು ರವಿವಾರ ಮುಂಜಾನೆ ನನ್ನ ಹೆಂಡತಿ ನೀಲವ್ವ ಬಟ್ಟೆಯ ಗಂಟು ಹೊತ್ತು ಕೆರೆಗೆ ಹೊರಟಳು.

"ಕೂಸಿನ್ನ ಸ್ವಲ್ಪ ನೋಡಿಕೋರಿ."

"ಬರೇ ನೋಡೂದೇನು? ನೀ ಬರೂದರಾಗ ಶಾಣ್ಯಾಕಿ ಮಾಡಿರ್ತೇನಿ!"

"ಅಷ್ಟೆಲ್ಲಾ ಬ್ಯಾಡ. ಬಾಂವಿ ಕಡೆ ಬಿಡಬ್ಯಾಡ್ರಿ, ಸಾಕು."

ಅಡುಗೆಮನೆಯಿಂದ ಒಂದು ಹಿಡಿ ಹೆಸರು, ಒಂದು ಹಿಡಿ ತೊಗರಿ, ಒಂದು ಹಿಡಿ ಅಲಸಂದಿ ತಂದೆ. ಪಡಸಾಲೆಯಲ್ಲಿ ಕಲಸಿ, ಬಣ್ಣ ನೋಡಿ ಬೇರೆ ಮಾಡಲು ಹೇಳಿದೆ. ಕಮಲಿ ಗಂಭೀರವಾಗಿ ಕೂತು, ಪುಟ್ಟ ಬೆರಳುಗಳಿಂದ ಹಸಿರು, ಕೆಂಪು, ಬಿಳಿ ಮೂರು ಗುಂಪು ಮಾಡಿಬಿಟ್ಟಳು. ಒಂದು ಕಾಳೂ ತಪ್ಪಿರಲಿಲ್ಲ! ನನ್ನ ಎದೆ ಉಬ್ಬಿತು.

"ಅಪ್ಪಾ, ಇನ್ನಷ್ಟು!" ಎಂದಳು.

ಜ್ಞಾನದಾಹವೆಂದರೆ ಇದು! ಅಡುಗೆಮನೆಯ ಡಬ್ಬಿಗಳು ತಳ ಕಂಡಿದ್ದವು. ಮೂಲೆಯಲ್ಲಿ ಬಾಯಿಗೆ ಸೆಗಣಿ ಮೆತ್ತಿದ ಮೂರು ಗಡಿಗೆಗಳು ಕಂಡವು. ನಾನು ಸವಣೂರ ಪೇಟೆಯ ಜವಳಿ ಅಂಗಡಿಯ ಮನೆತನದವನು. ಸೀರೆಯ ಅಂಚು ಬಲ್ಲೆ, ಸೆಗಣಿಯ ಅರ್ಥ ಬಲ್ಲೆನೇ? ಮೂರರ ಮೆತ್ತನ್ನೂ ಒಡೆದು, ಒಳಗಿದ್ದ ಅವೇ ಮೂರು ಕಾಳುಗಳನ್ನು ಜಮಖಾನೆಯ ಮೇಲೆ ಸುರಿದು, ಎರಡೂ ಕೈಯಿಂದ ಚೆನ್ನಾಗಿ ಕಲಸಿದೆ.

ಆ ರಾಶಿಯನ್ನು ಕಮಲಿ ಒಮ್ಮೆ ನೋಡಿದಳು. "ನಂಗ ಸಾಕು," ಎಂದು ಎದ್ದು ಬೆಕ್ಕಿನ ಹಿಂದೆ ಹೋದಳು.

ಅಷ್ಟರಲ್ಲಿ ಪಕ್ಕದ ಮನೆಯ ಶಾಂತಕ್ಕ ಬೆಂಕಿ ಕೇಳಲು ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯ ಮಾಸ್ತರ! ಬಿತ್ತೂ ಬೀಜ ಅಲ್ರಿ ಅವು! ನೀಲವ್ವನ ಅಪ್ಪಾರು ಮನಿ ಸೋರತೈತಂತ ಇಲ್ಲಿ ತಂದಿಟ್ಟಿದ್ರು. ಮಳಿ ಆಗೇತಿ, ಒಯ್ಯಾಕ ಇವತ್ತ ಬರ್ತಾರಂತ!"

ನನ್ನ ಟ್ರೇನಿಂಗ್ ಅಲ್ಲಿಗೇ ಮುಗಿಯಿತು.

ಬೆವರುತ್ತ ಆರಿಸಲು ಕೂತೆ. ರಾಶಿ ಕರಗಲೊಲ್ಲದು! ಆಗ ತಲೆಗೊಂದು ಯುಕ್ತಿ ಹೊಳೆಯಿತು. ಹೆಸರು ಸಣ್ಣ ಕಾಳು, ಜರಡಿ ಹಿಡಿದರೆ ತಾನೇ ಉದುರುತ್ತದೆ. ಬೆಳಕಿಗಾಗಿ ಅಂಗಳಕ್ಕೆ ಹೋಗಿ ಜೋರಾಗಿ ಜಾಡಿಸಿದೆ. ಹೆಸರು ಉದುರಿತು. ಕೆಳಗೆ ಏನನ್ನೂ ಹಾಸಿರಲಿಲ್ಲ! ಓಣಿಯ ಕೋಳಿಗಳೆಲ್ಲ ಆಮಂತ್ರಣ ಬಂದಂತೆ ಓಡಿಬಂದವು. ಒಂದು ಕೈಯಲ್ಲಿ ಜರಡಿ, ಇನ್ನೊಂದು ಕೈಯಲ್ಲಿ ಕಚ್ಚೆ ಹಿಡಿದು "ಹುಶ್, ಹುಶ್" ಎಂದು ಕುಣಿಯುತ್ತಿದ್ದೆ. ಅದೇ ಗಳಿಗೆಗೆ ನೀಲವ್ವನ ತವರಾದ ಹಿರೇಬೆಂಡಿಗೇರಿಯ ಬಂಡಿ ಬಂದು ನಿಂತಿತು. ಮಾವನವರು ಇಳಿದರು. ಅವರ ಹಿಂದೆಯೇ ಹಸಿ ಬಟ್ಟೆ ಹೊತ್ತ ನೀಲವ್ವ.

"ಏನ್ರಿ ಇದು?" ಎಂದಳು ಆಕೆ. ಆ ದನಿ ಕೇಳಿ ಕೋಳಿಗಳೂ ಹಿಂದೆ ಸರಿದವು.

"ಕೂಸಿಗಿ... ಪಾಠ ಮಾಡಾಕತ್ತಿದ್ದೆ," ಎಂದೆ.

ಮಾವನವರು ಸುತ್ತಲೂ ನೋಡಿದರು. ಕೂಸು ಜಗುಲಿಯ ಮೇಲೆ ಬೆಕ್ಕಿನ ತಲೆಗೆ ತನ್ನ ಕುಂಚಿಗೆ ಕಟ್ಟುತ್ತಿತ್ತು. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು! ತಲೆಯ ಪಟಕ ತೆಗೆದಿಟ್ಟು ಜಮಖಾನೆಯ ಪಕ್ಕ ಕೂತು ಆರಿಸತೊಡಗಿದರು. ನೀಲವ್ವ ಕೂತಳು, ಶಾಂತಕ್ಕ ಕೂತಳು. ಜನ ಕಂಡು ಹುರುಪಾಗಿ ಕಮಲಿಯೂ ಅಜ್ಜನ ತೊಡೆಯೇರಿದಳು. ನನ್ನ ಗುಂಪಿನಲ್ಲಿ ಕೈಯಾಡಿಸಿ, ಹೆಸರಿನ ನಡುವೆ ಸೇರಿದ್ದ ತೊಗರಿ ಎತ್ತಿ ಹಿಡಿದು, "ಅಪ್ಪಾ, ತಪ್ಪು!" ಎಂದು ಸಾರಿದಳು. ಮತ್ತೆ ಮತ್ತೆ ಸಾರಿದಳು.

ಹೊತ್ತು ಇಳಿಯುವಾಗ ಗಡಿಗೆಗಳು ಬಂಡಿ ಏರಿದವು. ಹೆಸರು ಮಾತ್ರ ಅರ್ಧಕ್ಕಿಂತ ಕಡಿಮೆಯಿತ್ತು.

"ಇರ್ಲಿ ಬಿಡ್ರಿ, ಈ ಸಲ ತೊಗರಿ ಹೆಚ್ಚು ಹಾಕಿದ್ರಾತು," ಎಂದರು ಮಾವ. ಆಮೇಲೆ ಕಮಲಿಯನ್ನೂ ಎತ್ತಿ ಬಂಡಿಯಲ್ಲಿ ಕೂಡಿಸಿಕೊಂಡರು.

"ಕೂಸಿಗಿ ನಾಕ್ ದಿನಾ ಸೂಟಿ ಕೊಡ್ರಿ ಮಾಸ್ತರ, ನಮ್ಮೂರಿಗಿ ಕರಕೊಂಡು ಹೋಗ್ತೇನಿ. ಆದ್ರ ನೀವು ಅಭ್ಯಾಸ ಬಿಡಬ್ಯಾಡ್ರಿ."

ಬಂಡಿ ಮರೆಯಾಯಿತು. ನೀಲವ್ವ ಅಂಗಳದ ಕಾಳನ್ನು ಮಣ್ಣುಸಮೇತ ಗುಡಿಸಿ, ಮೊರದಲ್ಲಿ ತಂದು ನನ್ನ ಮುಂದಿಟ್ಟಳು.

ನಾನು ತಲೆ ತಗ್ಗಿಸಿ ಕೂತೆ. ಮೊದಲು ಹಸಿರು.