ಒಂದೇ ಮಾತಿಗೆ ಒಪ್ಪುವ ಬಾಗಿಲು

ಹೂಶಂಗ್ ಜರ್ರಾಬಿಯ ಹೊಸ ಬಾಗಿಲಿಗೆ ಇದ್ದದ್ದು ಒಂದೇ ದೋಷ. ಅದು ಜನರ ಮಾತನ್ನು ನಂಬುತ್ತಿತ್ತು.

ಮರುಭೂಮಿಯ ನಡುವಿನ ನಮ್ಮ ಯಜ್ದ್ ಊರಿನಲ್ಲಿ ಅಂಥ ದೋಷ ಇಟ್ಟುಕೊಂಡು ಬಾಳುವುದು ಕಷ್ಟ. ನಮ್ಮ ಓಣಿಯಲ್ಲಿ ಯಾರಾದರೂ ಒಳಗೆ ಬನ್ನಿ ಎಂದರೆ ಬೇಡ ಬೇಡ, ನಿಮಗೇಕೆ ತೊಂದರೆ ಎನ್ನಬೇಕು. ಅವರು ಮತ್ತೆ ಕರೆಯಬೇಕು, ನಾವು ಮತ್ತೆ ಬೇಡವೆನ್ನಬೇಕು. ಮೂರನೆಯ ಸಲ ಅವರು ತೋಳು ಹಿಡಿದು ಎಳೆದಾಗ, ನೀವು ಬಿಡುವುದೇ ಇಲ್ಲವಲ್ಲ ಎಂದು ಗೊಣಗುತ್ತ, ಆಗಲೇ ಸಡಿಲಿಸಿಟ್ಟ ಚಪ್ಪಲಿ ಕಳಚಿ ಒಳಗೆ ಹೋಗಬೇಕು. ಮೊದಲ ಕರೆಗೇ ಒಳನುಗ್ಗುವವನನ್ನು ನಾಚಿಕೆಗೆಟ್ಟವನು ಎನ್ನುತ್ತೇವೆ. ಮೊದಲ ಬೇಡಕ್ಕೇ ಸುಮ್ಮನಾಗುವವನನ್ನು ಏನೆನ್ನುತ್ತೇವೆ ಎಂಬುದು ಬರೆಯುವಂಥ ಮಾತಲ್ಲ.

ಹೂಶಂಗ್ ನೀರಿನ ಕಚೇರಿಯ ಗುಮಾಸ್ತ. ಅವನ ಮನೆ ಅವನ ಅಜ್ಜನಿಗಿಂತ ಹಳೆಯದು. ಮಣ್ಣಿನ ಗೋಡೆ, ಮಧ್ಯೆ ಅಂಗಳ, ಮಾಳಿಗೆಯ ಮೇಲೆ ಗಾಳಿ ಹಿಡಿದು ಕೆಳಗಿಳಿಸುವ ಎತ್ತರದ ಗಾಳಿಗೂಡು. ಮನೆ ಕಟ್ಟಿ ನೋಡು ಎಂದ ಹಿರಿಯರು ಮನೆ ರಿಪೇರಿ ಮಾಡಿಸಿ ನೋಡಿರಲಿಲ್ಲ. ಮೇಸ್ತ್ರಿ ಉಸ್ತಾದ್ ಯದುಲ್ಲಾ ಎರಡು ತಿಂಗಳ ಕೆಲಸ ಎಂದ. ಹನ್ನೊಂದು ತಿಂಗಳು ಹಿಡಿಯಿತು. ಒಂದಿಷ್ಟು ಗೋಡೆ ಕೆಡವಿ, ಕರಣೆಯನ್ನು ಅಲ್ಲೇ ಸಿಕ್ಕಿಸಿ, ಈಗ ಬಂದೆ ಎಂದು ಹೋದರೆ ಮುಂದಿನ ತಿಂಗಳೇ ಅವನ ದರ್ಶನ.

ಹೂಶಂಗನ ಹೆಂಡತಿ ಫರಂಗೀಸ್ ಕೇಳಿದ್ದು ಒಂದೇ: ಅಡುಗೆಮನೆಯಲ್ಲಿ ನಿಂತು ಪಾತ್ರೆ ತೊಳೆಯುವಂಥ ಕಟ್ಟೆ, ಅದಕ್ಕೊಂದು ಬಿಸಿನೀರಿನ ನಲ್ಲಿ. ಅದು ಮೊದಲನೇ ತಿಂಗಳೇ ಆಯಿತು, ಏಕೆಂದರೆ ಮೇಸ್ತ್ರಿಯ ಎದುರು ಅವಳು ಸೌಟು ಹಿಡಿದು ನಿಂತಿದ್ದಳು. ಚಳಿಗಾಲದ ಬೆಳಿಗ್ಗೆ ಆ ನಲ್ಲಿ ತಿರುಗಿಸಿದಾಗಲೆಲ್ಲ ಅವಳು ದೇವರನ್ನೂ ಗಂಡನನ್ನೂ ಅದೇ ಕ್ರಮದಲ್ಲಿ ನೆನೆಯುತ್ತಿದ್ದಳು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಹೂಶಂಗ್‌ಗೆ ಸಲಕರಣೆಯ ಹುಚ್ಚು ಹತ್ತಿತು. ತನ್ನ ಮಲಗುವ ಕೋಣೆಗೆ ಏಸಿ ತಂದ. ಚಪ್ಪಾಳೆಗೆ ಹತ್ತುವ ದೀಪ ತಂದ, ಅದು ಸೊಳ್ಳೆ ಹೊಡೆದರೂ ಹತ್ತುತ್ತಿತ್ತು. ಗಾಳಿಗೂಡನ್ನು ಮುಚ್ಚಿಸಲು ಹೋದಾಗ ಮಾತ್ರ ಫರಂಗೀಸ್ ಮತ್ತೆ ಸೌಟು ಹಿಡಿದಳು.

ಕೊನೆಗೆ ಬಂದದ್ದು ಈ ಬಾಗಿಲು. ಅದಕ್ಕೆ ಕಾರಣ ನೆರೆಹೊರೆ. ಹನ್ನೊಂದು ತಿಂಗಳೂ ಇಡೀ ಓಣಿ ಅವನ ಅಂಗಳದಲ್ಲಿ ನಿಂತು ಬುದ್ಧಿ ಹೇಳಿತ್ತು. ಪಕ್ಕದ ಮನೆಯ ವಿಧವೆ ಇಸ್ಮತ್ ಖಾನುಮ್ ಟೈಲ್ಸಿನ ಬಣ್ಣ ಎರಡು ಸಲ ಬದಲಾಯಿಸಿದ್ದರು. ಎದುರುಮನೆಯ ಹಾಜಿ ಖಲೀಲಿ ರೊಟ್ಟಿ ಸುಡುವ ಕಸುಬಿನಿಂದ ನಿವೃತ್ತರಾದವರು, ಹೊಸ ಕಕ್ಕಸನ್ನು ಮೂಲೆಮೂಲೆ ಪರೀಕ್ಷಿಸಿ, ಗೂಡೊಲೆ ಇಡುವುದಕ್ಕೆ ಒಳ್ಳೇ ಜಾಗ ಹಾಳಾಯಿತು ಎಂದಿದ್ದರು. ಇವರ ಕಾಟ ಮುಗಿಯಲಿ ಎಂದು ಹೂಶಂಗ್ ಪೇಟೆಗೆ ಹೋಗಿ ಮಾತಾಡುವ ಬಾಗಿಲು ಕೊಂಡ. ಗುಂಡಿ ಒತ್ತಿದರೆ ಅದು ಮನೆಯವನ ದನಿಯಲ್ಲೇ ಕರೆಯುತ್ತದೆ. ಬಂದವರು ಹೂಂ ಅಂದರೆ ಒಳಗೆ ಗಂಟೆ ಬಾರಿಸಿ ಚಿಲಕ ತೆಗೆಯುತ್ತದೆ. ಬೇಡ ಅಂದರೆ ಒಳಗಿನವರಿಗೆ ತೊಂದರೆ ಕೊಡದೆ ತಾನೇ ಬೀಳ್ಕೊಡುತ್ತದೆ. ಅಂಗಡಿಯವನು ಕರೆಯುವುದಕ್ಕೊಂದು ಬೀಳ್ಕೊಡುವುದಕ್ಕೊಂದು ಮಾತು ಹೇಳಿ ಎಂದಾಗ, ಹೂಶಂಗ್ ನಾಲಿಗೆಗೆ ಮೊದಲು ಬಂದದ್ದನ್ನೇ ಹೇಳಿದ.

ಕರೆಯುವ ಮಾತು: "ಬನ್ನಿ, ದಯಮಾಡಿಸಿ, ಈ ಮನೆ ನಿಮ್ಮದೇ."

ಬೀಳ್ಕೊಡುವ ಮಾತು: "ಸರಿ ಹಾಗಾದರೆ, ನಿಮ್ಮಿಷ್ಟ. ದೇವರು ಕಾಪಾಡಲಿ."

"ಕಳ್ಳ ಬಂದ್ರೆ?" ಎಂದು ಫರಂಗೀಸ್ ಕೇಳಿದಳು. "ಅವನಿಗೆ ಸಂಕೋಚ ಇರಲ್ಲ ಕಣ್ರೀ. ಒಂದೇ ಸಲಕ್ಕೆ ಹೂಂ ಅಂತಾನೆ."

ಹೂಶಂಗ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೇ ಬಾಗಿಲಿನಲ್ಲಿ ಕದ ತಟ್ಟಲು ತೂಗುಬಿಟ್ಟಿದ್ದ ಎರಡು ಬಡಿಗೆಗಳನ್ನು, ಗಂಡಸರು ಬಡಿಯುವ ದಪ್ಪ ಕಬ್ಬಿಣದ್ದನ್ನೂ ಹೆಂಗಸರು ಬಡಿಯುವ ತೆಳು ಬಳೆಯನ್ನೂ, ಕಳಚಿ ನೆಲಮಾಳಿಗೆಗೆ ಹಾಕಿದ. ಬಾಗಿಲು ಕೂತದ್ದು ಗುರುವಾರ ಸಂಜೆ. ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಫರಂಗೀಸ್‌ಳ ಅಣ್ಣ ಅರ್ದೆಶೀರ್ ಬರುವುದಿತ್ತು, ಏಳು ವರ್ಷದ ಮೇಲೆ.

ಆ ಮುನಿಸಿನ ಕತೆ ಸಣ್ಣದು. ಏಳು ವರ್ಷದ ಹಿಂದೆ ಕೆರ್ಮಾನಿನಿಂದ ಬಂದಿದ್ದ ಅರ್ದೆಶೀರ್ ಸಂಜೆ ಎದ್ದು ನಿಂತು, ಹೊರಡುತ್ತೇವೆ ಎಂದ. ಒಲೆಯ ಮೇಲೆ ಅನ್ನ ದಮ್ಮಿಗೆ ಕೂತಿತ್ತು, ಕೇಸರಿಯ ಘಮ ಅಂಗಳಕ್ಕೆ ಬರುತ್ತಿತ್ತು. ಊಟ ಮಾಡಿಕೊಂಡು ಹೋಗಿ ಎಂದ ಹೂಶಂಗ್. ಬೇಡಪ್ಪ ಎಂದ ಅರ್ದೆಶೀರ್. ಅಂದು ಹೂಶಂಗ್‌ಗೆ ಹಲ್ಲುನೋವು. ಸರಿ ಹಾಗಾದರೆ, ನಿಮ್ಮಿಷ್ಟ, ದೇವರು ಕಾಪಾಡಲಿ ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅರ್ದೆಶೀರ್ ಹಸಿದ ಹೊಟ್ಟೆಯಲ್ಲಿ ಮರುಭೂಮಿ ದಾಟಿ ಊರು ಸೇರಿದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಫರಂಗೀಸ್ ಪ್ರತಿ ನೌರೋಜ್ ಹಬ್ಬಕ್ಕೂ ಅಣ್ಣನ ಪಾಲಿನ ಸಿಹಿ ಎತ್ತಿಟ್ಟು, ಹಬ್ಬದ ಕೊನೇ ದಿನ ಅದನ್ನು ಹಕ್ಕಿಗಳಿಗೆ ಹಾಕುತ್ತಿದ್ದಳು. ಹಾಕುವಾಗ ಅಳುತ್ತಿದ್ದಳು. ಅದನ್ನು ನೋಡಿ ಹೂಶಂಗ್‌ಗೆ ಹಲ್ಲು ನೋಯುತ್ತಿತ್ತು.

ಕಳೆದ ತಿಂಗಳು ಅವಳು ಫೋನಿನಲ್ಲಿ ಮನೆ ಹೊಸದಾಗಿದೆ, ಬಂದು ನೋಡು ಎಂದಾಗ ಅಣ್ಣನ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಬಿಸಿನೀರು, ಏಸಿ, ಮೇಸ್ತ್ರಿ, ಎಲ್ಲವನ್ನೂ ವಿಚಾರಿಸಿಕೊಂಡು ಬರುತ್ತೇನೆ ಎಂದ.

ಶುಕ್ರವಾರ ಬೆಳಿಗ್ಗೆ ಮೊದಲು ಬಂದವರು ಇಸ್ಮತ್ ಖಾನುಮ್. ಫರಂಗೀಸ್‌ಳ ಅಣ್ಣ ಬರುತ್ತಾನೆಂದು ಬೀಟ್‌ರೂಟು, ಮೆಂತ್ಯ ಹಾಕಿ ಶೂಲಿ ಗಂಜಿ ಕಾಯಿಸಿ, ದೊಡ್ಡ ಪಾತ್ರೆಯನ್ನು ಸೊಂಟದ ಮೇಲಿಟ್ಟು ತಂದಿದ್ದರು. ಬಾಗಿಲು ಹೂಶಂಗನ ದನಿಯಲ್ಲಿ ಕರೆಯಿತು. ಇಸ್ಮತ್ ಖಾನುಮ್ ಮರ್ಯಾದಸ್ಥರು. ಬೇಡಪ್ಪ, ನಿಮ್ಮ ಕೆಲಸ ಕೆಡುತ್ತೆ, ಇಲ್ಲಿಂದಲೇ ಕೊಟ್ಟು ಹೋಗ್ತೀನಿ ಎಂದರು. ಬಾಗಿಲು ಸರಿ ಹಾಗಾದರೆ ಎಂದಿತು. ಪಾತ್ರೆ ಸುಡುತ್ತಿತ್ತು. ಅವರು ಸ್ವಲ್ಪ ಹೊತ್ತು ಕಾದು, ತಮ್ಮ ಮನೆಯ ಹೊಸ್ತಿಲಿಗೆ ಹೋಗಿ ಕೂತರು.

ಆಮೇಲೆ ಹಾಜಿ ಖಲೀಲಿ. ಫರಂಗೀಸ್ ಕೇಳಿದ್ದ ಆರು ಕುರ್ಚಿಗಳನ್ನು ಒಂದರ ಮೇಲೊಂದು ಹೊತ್ತು ತಂದಿದ್ದರು. ಅವರಿಗೂ ಅದೇ ಮಾತು, ಅದೇ ಉತ್ತರ. ಕುರ್ಚಿಗಳನ್ನು ಓಣಿಯಲ್ಲೇ ಇಳಿಸಿ, ಒಂದರ ಮೇಲೆ ಕೂತು, ಈ ಮನುಷ್ಯನಿಗೆ ಟೈಲ್ಸು ತಲೆಗೇರಿದೆ ಎಂದರು. ಇಸ್ಮತ್ ಖಾನುಮ್ ಇನ್ನೊಂದು ಕುರ್ಚಿಗೆ ಬಂದರು.

ಮೂರನೆಯವನು ನೀರು ಸೋಸುವ ಯಂತ್ರ ಮಾರುವವನು. ಬನ್ನಿ, ಈ ಮನೆ ನಿಮ್ಮದೇ ಎಂದಿತು ಬಾಗಿಲು. "ಹೂಂ, ಬಂದೆ," ಎಂದ ಅವನು. ಒಳಗೆ ಗಂಟೆ ಬಾರಿಸಿತು. ಅಣ್ಣನೇ ಬಂದ ಎಂದು ಫರಂಗೀಸ್ ದೃಷ್ಟಿ ತೆಗೆಯುವ ಇಸ್ಪಂದ್ ಕಾಳಿನ ಹೊಗೆಯ ತಟ್ಟೆ ಹಿಡಿದು ಓಡಿ, ಕಣ್ಣೀರಿನಲ್ಲಿ ಮುಖ ನೋಡದೆ ಅವನ ತಲೆಗೆ ಮೂರು ಸುತ್ತು ನಿವಾಳಿಸಿದಳು. ಅಷ್ಟು ಮರ್ಯಾದೆ ಸಿಕ್ಕ ಮೇಲೆ ಅವನು ಹೋಗುತ್ತಾನೆಯೇ? ಕಲ್ಲಂಗಡಿಯ ತಟ್ಟೆ ಎಳೆದುಕೊಂಡು, ಈ ಊರಿನ ನೀರು ಎಷ್ಟು ಕೆಟ್ಟದ್ದು ಎಂದು ನೀರಿನ ಕಚೇರಿಯ ಗುಮಾಸ್ತನಿಗೆ ವಿವರಿಸತೊಡಗಿದ.

ಮಧ್ಯಾಹ್ನವಾಯಿತು. ಕುರ್ಚಿ ಬರಲಿಲ್ಲ, ಅಣ್ಣ ಬರಲಿಲ್ಲ. ಹೋಗಿ ನೋಡಿ ಎಂದಳು ಫರಂಗೀಸ್. ಯಾರು ಬಂದರೂ ಬಾಗಿಲು ಹೇಳುತ್ತೆ ಬಿಡು ಎಂದ ಹೂಶಂಗ್. ಇಷ್ಟು ನೆಮ್ಮದಿಯ ಬೆಳಗು ಅವನು ಹನ್ನೊಂದು ತಿಂಗಳಲ್ಲಿ ಕಂಡಿರಲಿಲ್ಲ.

ಅರ್ದೆಶೀರ್ ಬಂದದ್ದು ಆಗಲೇ. ಹೆಂಡತಿಯೊಂದಿಗೆ ಕಾರನ್ನು ಓಣಿಯ ಬಾಯಲ್ಲಿ ಬಿಟ್ಟು, ಮಿಠಾಯಿ ಪೆಟ್ಟಿಗೆ ಹಿಡಿದು, ಗುಂಡಿ ಒತ್ತಿದ. ಈ ಮನೆ ನಿಮ್ಮದೇ ಎಂದು ಭಾವಮೈದುನನ ದನಿ ಕೇಳಿದಾಗ ಅವನು ಕಣ್ಣೊರೆಸಿಕೊಂಡನಂತೆ, ಇಸ್ಮತ್ ಖಾನುಮ್ ಕಣ್ಣಾರೆ ಕಂಡಿದ್ದಾರೆ. ಆದರೂ ಅವನು ಒಳ್ಳೇ ಮನೆತನದವನು. "ಬೇಡ ಹೂಶಂಗ್, ಸುಮ್ನೆ ತಂಗಿ ಮುಖ ನೋಡ್ಕೊಂಡು ಹೋಗ್ತೀವಿ," ಎಂದ.

"ಸರಿ ಹಾಗಾದರೆ, ನಿಮ್ಮಿಷ್ಟ. ದೇವರು ಕಾಪಾಡಲಿ."

ಅದೇ ದನಿ, ಅದೇ ಮಾತು. ಅರ್ದೆಶೀರ್ ಮಿಠಾಯಿ ಪೆಟ್ಟಿಗೆಯನ್ನು ಹೆಂಡತಿಯ ಕೈಗೆ ಕೊಟ್ಟು ಕಾರಿನ ಕಡೆ ತಿರುಗಿದ.

ಅವನು ಕಾರು ಮುಟ್ಟಿದ್ದರೆ ಇನ್ನೊಂದು ಏಳು ವರ್ಷ ಹೋಗುತ್ತಿತ್ತು. ದೇವರು ನಮ್ಮ ಓಣಿಗೆ ಕೆಲಸವಿಲ್ಲದ ಜನರನ್ನು ಕೊಟ್ಟದ್ದಕ್ಕೆ ನಾನು ಅಂದಿನಿಂದ ಕೃತಜ್ಞ. ಹಾಜಿ ಕುರ್ಚಿಯನ್ನು ದಾರಿಗೆ ಅಡ್ಡ ಇಟ್ಟರು. ಇಸ್ಮತ್ ಖಾನುಮ್ ನಮ್ಮ ಮನೆಗೆ ಬನ್ನಿ ಎಂದರು, ಅವನು ಬೇಡವೆಂದ, ಮತ್ತೆ ಕರೆದರು, ಮತ್ತೆ ಬೇಡವೆಂದ, ಮೂರನೇ ಸಲ ತೋಳನ್ನೇ ಹಿಡಿದು ಎಳೆದರು. ಅವರ ಬಾಗಿಲಿನಲ್ಲಿ ಹಳೇ ಬಡಿಗೆಗಳು ಹಾಗೇ ಇದ್ದವು. ಒಳಗೆ ಕಾಲಿಡುವಾಗ ಅರ್ದೆಶೀರನ ಕೈ ತಡೆಯಲಿಲ್ಲ. ಚಿಕ್ಕವನಿದ್ದಾಗ ಬಂದದ್ದು ಗಂಡೋ ಹೆಣ್ಣೋ ತಿಳಿಯದೆ ಮನೆಯವರು ಒದ್ದಾಡಲಿ ಎಂದು ಬಡಿಯುತ್ತಿದ್ದ ಹಾಗೆ, ಮೂರು ಏಟು ದಪ್ಪದ್ದು, ಒಂದು ಏಟು ಬಳೆ, ಬಡಿದುಬಿಟ್ಟ.

ಆ ಸದ್ದು ಗಾಳಿಗೂಡಿನಿಂದ ಇಳಿದು ಅಡುಗೆಮನೆಗೆ ಬಂತು. ಫರಂಗೀಸ್‌ಳ ಕೈಯ ಸೌಟು ಬಿತ್ತು.

"ಅದು ನಮ್ಮಣ್ಣನ ಕೈ," ಎಂದಳು. "ಪಕ್ಕದ ಮನೇಲಿದಾನೆ. ಯಾಕೆ ಪಕ್ಕದ ಮನೇಲಿದಾನೆ?"

ಫರಂಗೀಸ್ ಹೊಗೆಯ ತಟ್ಟೆಗೆ ಹೊಸ ಕೆಂಡ ಹುಡುಕಲು ನಿಂತಳು, ಹೂಶಂಗ್ ಮನೆಚಪ್ಪಲಿಯಲ್ಲೇ ಓಡಿದ. ಅವನ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಇಸ್ಮತ್ ಖಾನುಮ್ ಅವರ ಅಂಗಳದಲ್ಲಿ ನ್ಯಾಯಪಂಚಾಯಿತಿಯೇ ಕೂತಿತ್ತು. ಕಳಿಸಿದ್ದು ನಾನಲ್ಲ, ಬಾಗಿಲು ಎಂದ ಹೂಶಂಗ್. ಅದಕ್ಕಿಂತ ಕೆಟ್ಟ ನೆಪ ಆ ಅಂಗಳದಲ್ಲಿ ಯಾರೂ ಕೇಳಿರಲಿಲ್ಲ.

"ದನಿ ನಿಂದೇ," ಎಂದ ಅರ್ದೆಶೀರ್. "ಏಳು ವರ್ಷದಿಂದ ನನ್ನ ಕಿವೀಲಿದೆ. ಬಾಗಿಲಿನ ಮೇಲೆ ಯಾಕಯ್ಯಾ ಹಾಕ್ತೀಯಾ?"

ಒತ್ತಿ ತೋರಿಸಲಿ ಎಂದು ಹಾಜಿ ತೀರ್ಪು ಕೊಟ್ಟರು. ಎಲ್ಲರೂ ಎದ್ದು ಹೂಶಂಗನ ಬಾಗಿಲ ಮುಂದೆ ನಿಂತರು. ಹೂಶಂಗ್ ಬೆವರು ಒರೆಸಿಕೊಂಡು ಗುಂಡಿ ಒತ್ತಿದ.

"ಬನ್ನಿ, ದಯಮಾಡಿಸಿ, ಈ ಮನೆ ನಿಮ್ಮದೇ," ಎಂದಿತು ಅವನದೇ ದನಿ, ಎಷ್ಟು ಅಕ್ಕರೆಯಿಂದ ಎಂದರೆ ಐವತ್ತು ವರ್ಷದ ಅಭ್ಯಾಸ ತಾನಾಗಿ ನಾಲಿಗೆಗೆ ಬಂತು.

"ಬೇಡ ಬೇಡ, ನಿಮಗ್ಯಾಕೆ ತೊಂದರೆ," ಎಂದ ಹೂಶಂಗ್.

"ಸರಿ ಹಾಗಾದರೆ, ನಿಮ್ಮಿಷ್ಟ. ದೇವರು ಕಾಪಾಡಲಿ."

ಹೂಶಂಗ್ ತನ್ನ ಮನೆಯ ಮುಂದೆ ಮನೆಚಪ್ಪಲಿಯಲ್ಲಿ ನಿಂತಿದ್ದ. ತನ್ನ ದನಿಯಲ್ಲೇ ಆ ಮಾತು ಎದೆಗೆ ಬಡಿದಾಗ, ಅದು ಎಷ್ಟು ದೂರ ಅಟ್ಟುವ ಮಾತು ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು.

"ಭಾವ," ಎಂದ, "ನಾನು ನಿಮಗೆ ಹೀಗೇ ಅಂದಿದ್ನಾ?"

"ಹೀಗೇ."

"ತಪ್ಪಾಯ್ತು."

ಅರ್ದೆಶೀರನ ಮೀಸೆ ಅಲುಗಿತು. ಮೊದಲು ಅಳುತ್ತಿದ್ದಾನೆ ಎಂದುಕೊಂಡೆವು. ನಗುತ್ತಿದ್ದ. ಗೋಡೆಗೆ ಒರಗಿ, ಮಣ್ಣು ಉದುರುವಂತೆ ನಕ್ಕ. ಏಳು ವರ್ಷ ನಾನು ದೇವರನ್ನ ಕೇಳಿಕೊಂಡಿದ್ದು ಇದೊಂದೇ, ಇವನಿಗೆ ಯಾರಾದರೂ ಇದೇ ಮಾತು ಹೇಳಲಿ ಅಂತ, ಎಂದು ಹೇಳಿ ಹೂಶಂಗನ ಎರಡೂ ಕೆನ್ನೆಗೆ ಮುತ್ತಿಟ್ಟ. ಅಷ್ಟರಲ್ಲಿ ಗದ್ದಲ ಕೇಳಿ ಒಳಗಿನಿಂದ ಬಾಗಿಲು ತೆರೆಯಿತು. ನೀರಿನ ಯಂತ್ರದವನು ಕಲ್ಲಂಗಡಿ ಹೋಳು ಹಿಡಿದು ನಿಂತಿದ್ದ. ಬನ್ನಿ, ಎಲ್ಲರೂ ಬನ್ನಿ, ಸಂಕೋಚ ಪಡಬೇಡಿ ಎಂದ. ಅವನನ್ನು ಪಕ್ಕಕ್ಕೆ ತಳ್ಳಿ ಫರಂಗೀಸ್ ಅಣ್ಣನ ಕುತ್ತಿಗೆಗೆ ಬಿದ್ದಳು. ಹೊಗೆಯ ತಟ್ಟೆ ಈ ಸಲ ಸರಿಯಾದ ತಲೆಯನ್ನು ಸುತ್ತಿತು.

ಊಟ ಹೇಗಿತ್ತೆಂದು ಹೇಳಿದರೆ ನಿಮಗೆ ಹೊಟ್ಟೆಕಿಚ್ಚು. ಹಾಜಿಯ ಕುರ್ಚಿಗಳು ಬಂದವು, ಶೂಲಿ ಗಂಜಿ ಬಂತು, ದಾಳಿಂಬೆ ರಸದಲ್ಲಿ ಬೆಂದ ಕೋಳಿ, ತಳದಲ್ಲಿ ಗರಿಗರಿ ಹೊರಪದರ ಕಟ್ಟಿದ ಕೇಸರಿ ಅನ್ನ. ಬಾಗಿಲು ಹಾಕಿ ಹೊರಗಿಟ್ಟಿದ್ದ ಜನರೇ ತನ್ನ ಮನೆ ಉಳಿಸಿದರು ಎಂದು ಹೂಶಂಗ್‌ಗೆ ಕಣ್ಣು ತುಂಬಿತು. ಎದ್ದು ನಿಂತು ಇಸ್ಮತ್ ಖಾನುಮ್‌ಗೆ, ಹಾಜಿಗೆ ಕೈಯೆತ್ತಿ ಕೃತಜ್ಞತೆ ಹೇಳಿದ. ಟೈಲ್ಸಿನ ಬಣ್ಣ ನೀವು ಹೇಳಿದ್ದೇ ಸರಿ ಎಂದೂ ಸೇರಿಸಿದ. ಅವರು ಅದು ಗೊತ್ತಿದ್ದದ್ದೇ ಎಂಬಂತೆ ತಲೆಯಾಡಿಸಿದರು.

ಚಹಾ ಆದ ಮೇಲೆ ಅರ್ದೆಶೀರ್ ಎದ್ದು, ನಾವಿನ್ನು ಹೊರಡುತ್ತೇವೆ ಎಂದ.

ಫರಂಗೀಸ್ ಗಂಡನ ಮುಖ ನೋಡಿದಳು. ಈ ಸಲ ಹೂಶಂಗ್ ತಪ್ಪುವವನಲ್ಲ. ಮೂರು ಸಲವಲ್ಲ, ಮೂವತ್ತು ಸಲ ಹೇಳಲು ಸಿದ್ಧನಾಗಿ ಎದೆಯ ಮೇಲೆ ಕೈಯಿಟ್ಟ.

"ಎಲ್ಲಿಗೆ ಹೊರಡ್ತೀರಿ ಭಾವ? ಈ ಮನೆ ನಿಮ್ಮದೇ. ಇವತ್ತೇನು, ಎಷ್ಟು ದಿನ ಬೇಕೋ ಅಷ್ಟು ದಿನ ಇರಿ. ಏಸಿ ಕೋಣೆ ನಿಮಗೇ."

ಅರ್ದೆಶೀರ್ ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ಹೆಂಡತಿಯ ಕಡೆ.

"ಸರಿ," ಎಂದ.

ಹೂಶಂಗ್ ಎರಡನೇ ಸಲ ಹೇಳಲು ಬಾಯಿ ತೆರೆದಿದ್ದ. ಅದು ತೆರೆದೇ ಉಳಿಯಿತು.

"ಈ ಮನೇಲಿ ಬೇಡ ಅಂದ್ರೆ ಬೀದೀಲಿ ನಿಲ್ಲಬೇಕು ಅಂತ ಇವತ್ತು ಕಲಿತೆ," ಎಂದ ಅರ್ದೆಶೀರ್. "ಕಾರಲ್ಲಿ ನಾಲ್ಕು ಪೆಟ್ಟಿಗೆ ಇದೆ, ತರಿಸು. ನಾವೂ ಮನೆ ರಿಪೇರಿಗೆ ಹಾಕಿದೀವಪ್ಪ. ನೆಲ ಎಲ್ಲ ಅಗೆದಾಗಿದೆ, ನೀರಿಲ್ಲ, ಕಕ್ಕಸಿಲ್ಲ. ಹೇಗೆ ಕೇಳೋದು ಅಂತ ದಾರಿಯುದ್ದಕ್ಕೂ ಒದ್ದಾಡಿದ್ವಿ. ನೀನೇ ಕರೆದೆ, ದೇವರು ನಿನ್ನ ಚೆನ್ನಾಗಿಟ್ಟಿರಲಿ. ಜಾಸ್ತಿ ದಿನ ಇಲ್ಲ. ಎರಡು ತಿಂಗಳ ಕೆಲಸ ಅಂದಿದಾನೆ ಮೇಸ್ತ್ರಿ."

"ಯಾವ ಮೇಸ್ತ್ರಿ?" ಎಂದು ಕೇಳಿದ ಹೂಶಂಗ್. ದನಿ ಸಣ್ಣದಾಗಿತ್ತು.

"ನಿಮ್ಮೋನೇ, ಉಸ್ತಾದ್ ಯದುಲ್ಲಾ. ತಂಗಿನೇ ನಂಬರ್ ಕೊಟ್ಟಳು. ಒಳ್ಳೇ ಮನುಷ್ಯ. ನೆಲ ಅಗೆದು, ಒಂದು ಗೋಡೆ ಒಡೆದು, ಈಗ ಬಂದೆ ಅಂತ ಹೋಗಿದಾನೆ."

ಹಾಜಿ ಚಹಾದ ಲೋಟದೊಳಗೆ ಕೆಮ್ಮಿದರು. ಇಸ್ಮತ್ ಖಾನುಮ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಹೂಶಂಗ್ ತನ್ನ ಹಾಸಿಗೆಯನ್ನು ಸುತ್ತಿ ಏಸಿ ಕೋಣೆಯಿಂದ ಹೊರಗೆ ತಂದು, ಗಾಳಿಗೂಡಿನ ಕೆಳಗೆ ಹಾಸಿದ. ಮೇಲಿನಿಂದ ತಣ್ಣನೆಯ ಗಾಳಿ ಇಳಿಯುತ್ತಿತ್ತು. ಅಡುಗೆಮನೆಯಲ್ಲಿ ಬಿಸಿನೀರಿನ ನಲ್ಲಿ ಹರಿಯುತ್ತಿತ್ತು. ಅಣ್ಣ ಪಾತ್ರೆ ತೊಳೆಯುತ್ತಿದ್ದ, ತಂಗಿ ಒರೆಸುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಹೂಶಂಗ್ ಏಳು ವರ್ಷದಿಂದ ಕೇಳಿರಲಿಲ್ಲ. ಕೇಳುತ್ತ ಮಲಗಿದ್ದ ಅವನು ದೇವರಿಗೆ ಮನಸ್ಸಿನಲ್ಲೇ ದೊಡ್ಡ ನಮಸ್ಕಾರ ಹಾಕಿದ. ಹಲ್ಲು ನೋಯುತ್ತಿರಲಿಲ್ಲ.

ಆಗ ಪಕ್ಕದಲ್ಲಿ ಯಾರೋ ಇನ್ನೊಂದು ಚಾಪೆ ಬಿಡಿಸಿದರು. ನೀರಿನ ಯಂತ್ರದವನು.

"ಎಷ್ಟು ದಿನ ಬೇಕೋ ಅಷ್ಟು ದಿನ ಅಂದ್ರಲ್ಲ ಯಜಮಾನ್ರೇ," ಎಂದು ಅವನು ಕೇಳಿದ. "ಅದು ನನಗೂ ಸೇರಿಸೇ ಅಲ್ವಾ?"

ಹೂಶಂಗ್ ಬೇಡ ಅನ್ನುವುದು ಹೇಗೆಂದು ಯೋಚಿಸುತ್ತಿರುವಾಗಲೇ ಅವನು ತಾನೇ ಹೂಂ ಅಂದುಕೊಂಡು ಮಗ್ಗುಲಾದ.