ಬೈರಯ್ಯನ ಮೂಳೆ ಕೂಡಿದ ದಿನ

ಬೈರಯ್ಯನ ತಾಪತ್ರಯಕ್ಕೆಲ್ಲ ಕಾರಣ, ಹೇಳಿದ ದಿನಕ್ಕೆ ಸರಿಯಾಗಿ ಅವನ ಮೂಳೆ ಕೂಡಿಕೊಂಡದ್ದು. ಹುಲ್ಲಿನ ಬಣವೆಯಿಂದ ಜಾರಿ ಬಲಗೈ ಮುರಿದುಕೊಂಡ ಮೇಲೆ ಹೆಂಡತಿ ಪುಟ್ಟತಾಯಮ್ಮ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು. ಮದುವೆಯಾಗಿ ಹನ್ನೆರಡು ವರ್ಷವಾದರೂ ಇಂಥ ಸುಖ ಅವನಿಗೆ ಸಿಕ್ಕಿರಲಿಲ್ಲ. ಕಟ್ಟು ಹಾಕಿದ ನಲವತ್ತು ದಿನ ಮುಗಿದದ್ದೇ ಅವನಿಗೆ ದುಃಖ.

ಕೊರವಂಗಲದಲ್ಲಿ ಮೂಳೆ ಕಟ್ಟುವ ಕೆಂಚಯ್ಯ ಬಿದಿರ ದಬ್ಬೆ ಬಿಚ್ಚಿ, ಮೊಟ್ಟೆಯಲ್ಲಿ ಕಲಸಿದ ಉದ್ದಿನ ಹಿಟ್ಟಿನ ಪಟ್ಟು ತೊಳೆದು, ನೀರು ತುಂಬಿದ ಕೊಡವನ್ನು ಮುಂದಿಟ್ಟ.

"ಎತ್ಲಾ."

ಕೊಡ ಚೊಂಬಿನ ಹಾಗೆ ಮೇಲೆದ್ದಿತು. ಬೈರಯ್ಯನ ಮುಖ ಇಳಿಯಿತು.

"ಕೆಂಚಣ್ಣ, ನಿನ್ ಕೈಗುಣ ದೊಡ್ದು. ಆದ್ರೂ ಇನ್ನೊಂದೆಂಟ್ ದಿನಕ್ಕೆ ಕಟ್ಬುಡು."

"ನಂದೇನ್ಲಾ ಕೈಗುಣ? ಮೂಳೆ ತಾನೇ ಬೆಸ್ಕೋತದೆ. ನೀವು ಅಲ್ಲಾಡಿಸ್ದಂಗಿರ್ಲಿ ಅಂತ ದಬ್ಬೆ ಕಟ್ತೀನಿ, ಅಷ್ಟೇಯ. ದಿನಾ ಗುದ್ಲಿ ಇಡ್ದು, ಮೂಟೆ ಒತ್ತು ಗಟ್ಟಿಯಾದ್ ಮೂಳೆ ಕಣ್ಲಾ ಇದು. ಕೆಲ್ಸ ಕೊಡು."

"ಕೆಲ್ಸ ಅಂಗಿರ್ಲಿ. ಪುಟ್ಟತಾಯಿ ಉಣ್ಸೋದ್ ನಿಂತೋಯ್ತದಲ್ಲಣ್ಣ!"

ಕೆಂಚಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಮತ್ತೆ ದಬ್ಬೆ ಕಟ್ಟಿದ.

ರಸ್ತೆಗೆ ಬರುವಷ್ಟರಲ್ಲಿ ತನ್ನೂರು ದುದ್ದದ ಬಸ್ಸು ಹೊರಟೇಬಿಟ್ಟಿತ್ತು. ತಪ್ಪಿದರೆ ಸಂಜೆಯವರೆಗೆ ಇನ್ನೊಂದಿಲ್ಲ. ಬೈರಯ್ಯ ಓಡಿದ, ಬಾಗಿಲ ಕಂಬಿ ಹಿಡಿದು ಹಾರಿದ. ಒಳಗೆ ಕಾಲಿಡಲು ಜಾಗವಿಲ್ಲದೆ ಎರಡು ಮೈಲಿ ಹಾಗೇ ಜೋತಾಡಿದ. ಆಮೇಲೆ ನೋಡಿದರೆ, ಕಿಟಕಿಯ ಪಕ್ಕ ಕೂತಿದ್ದ ನೆರೆಮನೆಯ ಹೊನ್ನಕ್ಕ ಅವನನ್ನೇ ದಿಟ್ಟಿಸುತ್ತಿದ್ದಳು. ಅವನ ಎಡಗೈಯಲ್ಲಿ ಕೊಡೆ ಇತ್ತು. ಕಂಬಿ ಹಿಡಿದದ್ದು ದಬ್ಬೆ ಕಟ್ಟಿದ ಕೈ!

"ಏನ್ ಗಟ್ಟಿ ಕೈಯಪ್ಪಾ ಬೈರಣ್ಣ!"

"ಅಯ್ಯೋ, ನೋವಲ್ಲಿ ಪ್ರಾಣ ಓಯ್ತಾ ಐತೆ ಕಣಕ್ಕಾ," ಎಂದು ಬೈರಯ್ಯ ನರಳಿದ. ಕಂಬಿ ಮಾತ್ರ ಬಿಡಲಿಲ್ಲ. ಬಿಟ್ಟಿದ್ದರೆ ನಿಜವಾಗಿಯೂ ಇನ್ನೊಂದು ನಲವತ್ತು ದಿನ ಆಗುತ್ತಿತ್ತು.

ದುದ್ದದಲ್ಲಿ ಇಳಿದು, ಹೊನ್ನಕ್ಕನ ಕಣ್ಣು ತಪ್ಪಿಸಲು ಹೋಟೆಲಿಗೆ ನುಗ್ಗಿ ಎಡಗೈಯಲ್ಲೇ ಕಾಫಿ ಕುಡಿದ. ಅವಳನ್ನು ಮುಂದೆ ಹೋಗಲು ಬಿಟ್ಟದ್ದೇ ತಪ್ಪಾಯಿತು.

"ಇನ್ನೂ ಎಂಟ್ ದಿನ ಬೇಕಂತೆ ಕಣೇ," ಎಂದು ನರಳುತ್ತಾ ಮನೆಯೊಳಗೆ ಕಾಲಿಟ್ಟರೆ, ಅಡುಗೆಕೋಣೆಯಿಂದ ಅದಕ್ಕಿಂತ ಜೋರಾದ ನರಳಾಟ ಕೇಳಿಸಿತು. ಪುಟ್ಟತಾಯಮ್ಮ ಚಾಪೆಯ ಮೇಲೆ ಮಲಗಿದ್ದಳು. ಹೊನ್ನಕ್ಕ ಅವಳ ಬಲಗೈಗೆ ಹಳೇ ಸೀರೆ ಸುತ್ತಿ ಗಂಟು ಬಿಗಿಯುತ್ತಿದ್ದಳು.

"ಬಾವಿ ತಾವ ಜಾರ್ಬುಟ್ಟೆ ಕಣ್ರೀ. ಹೊನ್ನಕ್ಕ ಬಂದು ಕಟ್ಟಿದ್ಲು."

ಬೈರಯ್ಯ ಗಾಬರಿಯಿಂದ ಬಗ್ಗಿ ನೋಡಿದ. ಸೀರೆಯಿಂದ ಹೊರಗೆ ಇಣುಕುತ್ತಿದ್ದ ಕಟ್ಟಿಗೆಯ ತುದಿಗೆ ರಾಗಿ ಹಿಟ್ಟು ಮೆತ್ತಿತ್ತು. ಅದು ಅವರ ಮನೆಯ ಮುದ್ದೆ ಕೋಲು! ಕೇಳಲು ಬಾಯಿ ತೆರೆದ. ತನ್ನ ಕೈಯ ದಬ್ಬೆ ಕಂಡು ಮುಚ್ಚಿದ.

"ನಿಮ್ದು ಎಂಟೇ ದಿನ," ಪುಟ್ಟತಾಯಮ್ಮ ಸಮಾಧಾನ ಹೇಳಿದಳು, "ನಂದು ನಲವತ್ತಂತೆ. ಎಡಗೈಲೇ ಆಗ್ಲಿ, ಒಲೆ ಅಚ್ಚಿ. ಒಟ್ಟೆ ಅಸ್ದೈತೆ. ನೀವೇ ಉಣ್ಸಬೇಕು."

ಬೈರಯ್ಯ ಒಲೆ ಹಚ್ಚಿದ, ಎಸರಿಟ್ಟ, ಹಿಟ್ಟು ಸುರಿದ. ತಿರುವಲು ಕೋಲು ಎಲ್ಲಿ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.